ಗಿರಣಿಪೇಟೆಯ ಸುಪ್ತಿಪಟ್ಟಿ

ಗಿರಣಿಪೇಟೆ,
ಆಶ್ವಯುಜ ಮೂವತ್ತೆಂಟು, ಕ್ರಿ.ಶ. 2216

1913ರ ಗಿರಣಿಪೇಟೆಯ ಆರೋಗ್ಯಾಧಿಕಾರಿ ಡಾಕ್ಟರ್ ವಾಮನರಾವ್ ಕಡಕೋಳ ಅವರಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ಪಾಳಿಗಳಿಗೆ ಸಾಲದೆಂದು ಕಾರ್ಖಾನೆಯವರು ತಿಂಗಳನ್ನೇ ಎಳೆದು ಉದ್ದ ಮಾಡಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನಮ್ಮ ಪೇಟೆ ನೀವು ಕಂಡದ್ದಕ್ಕಿಂತ ಚೊಕ್ಕಟವಾಗಿದೆ. ಚರಂಡಿಗಳು ನೆಲದಡಿ ಸೇರಿವೆ, ನಲ್ಲಿ ನೀರಿಗೆ ವಾಸನೆಯಿಲ್ಲ, ಕಾಲರಾ ಎಂಬ ಹೆಸರನ್ನೇ ಮಕ್ಕಳು ಕೇಳಿಲ್ಲ. ಮನೆಯೆಂದರೆ ಒಂದರ ಮೇಲೊಂದು ಪೇರಿಸಿದ ಗೂಡುಗಳು. ಬೆಳಿಗ್ಗೆ ತಾಯಂದಿರು ಕೂಸಿನ ಅಂಗಾಲಿಗೆ ಸುಪ್ತಿಪಟ್ಟಿ ಹಚ್ಚುತ್ತಾರೆ. ಅದು ಮದ್ದು ಸವರಿದ ಅಂಟುಪಟ್ಟಿ. ಒಂದು ಪಾಳಿ ಮುಗಿಯುವವರೆಗೆ ಕೂಸು ಕಣ್ಣು ತೆರೆಯುವುದಿಲ್ಲ. ಹಚ್ಚಿ, ಬಾಗಿಲೆಳೆದುಕೊಂಡು, ಓಡುತ್ತಾರೆ. ನಿಮ್ಮ ಕಾಲದಲ್ಲಿ ತಾಯಂದಿರು ಉಗುರಸಂದಿಯಲ್ಲಿಟ್ಟು ಚೀಪಿಸುತ್ತಿದ್ದ ಅಫೀಮು ಇದೇ ಕೆಲಸ ಮಾಡುತ್ತಿತ್ತು. ನೀವು ಗಿರಣಿ ಕೆಲಸಗಾರರ ಮನೆಸಾಲಿಗೆ, ಚಾಳಿಗೆ ಬಂದು, ಕುರ್ಚಿ ಹಾಕಿಸಿಕೊಂಡು, ಕೂಸುಗಳು ಸಾಯುವುದು ತಾಯಂದಿರ ಅಜ್ಞಾನದಿಂದ ಎಂದು ಭಾಷಣ ಮಾಡಿದಿರಿ. ಗಿರಣಿಯ ನೂಲಿನ ವಿಭಾಗದಲ್ಲಿ ದುಡಿಯುತ್ತಿದ್ದ ಸಂಗವ್ವ ಎದ್ದು ನಿಂತಳು. "ಅಫೀಮ ಬಿಡ್ತೀನ್ರಿ ಸಾಹೇಬ್ರ. ನಾ ಗಿರಣ್ಯಾಗ ಇದ್ದಾಗ ಕೂಸು ಅತ್ರ ಯಾರು ಎತ್ಕೋಬೇಕ್ರಿ?" ನೀವು ಗಡಿಯಾರ ನೋಡಿಕೊಂಡು ಎದ್ದು ಹೋದಿರಿ. ಅವಳ ಕೂಸುಗಳಲ್ಲಿ ಉಳಿದ ಒಂದರ ಸಂತತಿ ನಾವು. ಆ ಪ್ರಶ್ನೆ ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಭಾಷಣವಂತೂ ಗಟ್ಟಿಯಾಗಿ ಉಳಿಯಿತು. ಈಗ ಅದಕ್ಕೆ ತಾಯಿಪಾಠ ಎನ್ನುತ್ತಾರೆ. ಕೂಸು ಸತ್ತರೆ ಹೆತ್ತವಳು ಚೌಕದಲ್ಲಿ ನಿಂತು, ಉಳಿದ ತಾಯಂದಿರ ಎದುರು, 'ನನ್ನ ಅಜ್ಞಾನದಿಂದ' ಎಂದು ಸೇರಿಸಿಕೊಂಡು ಅದನ್ನು ಓದಬೇಕು. ಹೋದ ವಾರ ಬೆಳಗಾಗುತ್ತಲೇ ಎರಡು ಪಾಳಿ ಒಟ್ಟಿಗೆ ಮಾಡಬೇಕೆಂದು ಅಪ್ಪಣೆ ಬಂತು. ನನ್ನ ಮಗಳು ಚಂಪವ್ವ ತನ್ನ ಕೂಸಿನ ಇನ್ನೊಂದು ಅಂಗಾಲಿಗೂ ಪಟ್ಟಿ ಹಚ್ಚಿದಳು. ನಾನೂ ಅದೇ ಪಾಳಿಯಲ್ಲಿದ್ದೆ. ನಾವು ಮರಳಿದಾಗ ಕೂಸು ತಣ್ಣಗಾಗಿತ್ತು. ಐದು ತಿಂಗಳ ಹೆಣ್ಣುಕೂಸು, ಆಗಷ್ಟೇ ಬೋರಲು ಬೀಳಲು ಕಲಿತಿತ್ತು. ಡಾಕ್ಟರೇ, ನಿಮ್ಮನ್ನು ನೆನೆದರೆ ನನ್ನ ಮೈಯೆಲ್ಲ ಉರಿಯುತ್ತದೆ. ಕಾರ್ಖಾನೆಯವರು ಕಟುಕರೆಂಬುದು ಗೊತ್ತಿದ್ದದ್ದೇ. ನೀವು ಓದಿದವರು, ಒಳ್ಳೆಯವರೆನಿಸಿಕೊಂಡವರು.

ಒಂದೇ ಬೇಡಿಕೆ. ಈ ಪತ್ರ ಹೇಗಾದರೂ ನಿಮ್ಮ ಕಾಲಕ್ಕೆ ತಲುಪಿದರೆ, ಆ ಭಾಷಣ ಬರೆಯುವ ಮೊದಲು ಒಮ್ಮೆ ಗಿರಣಿಯೊಳಗೆ ಹೋಗಿ ಬನ್ನಿ. ಮಗ್ಗಗಳ ಪಕ್ಕದಲ್ಲಿ ಒಂದು ತೊಟ್ಟಿಲಮನೆ ಕಟ್ಟಿಸಿಕೊಡಿ ಎಂದು ಮಾಲೀಕರನ್ನು ಕೇಳಿ. ಅವರು ಆಗದೆಂದರೆ, ಸಾಯುವ ಕೂಸುಗಳಿಗೆ ಕಾರಣ ಅವರೇ ಎಂದು ಬರೆಯಿರಿ.

ನಾಳೆ ಚಂಪವ್ವ ಚೌಕದಲ್ಲಿ ನಿಮ್ಮ ಮಾತು ಓದಿ, ಅಲ್ಲಿಂದ ನೇರ ಪಾಳಿಗೆ ಹೋಗಬೇಕು. ಅವಳ ಎದೆಹಾಲು ಇನ್ನೂ ಬತ್ತಿಲ್ಲ.

ತುಂಗವ್ವ