ಬೆರಳಿಗೂ ಗುರುತಿರಲಿ

ಮಗಳೇ,

ಅಳಿಯಂದಿರ ಸೊಂಟನೋವು ಹೇಗಿದೆ? ಕೈಗೂಸಿಗೆ ಹಲ್ಲು ಬಂತೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನಾನು ಗಟ್ಟಿಯಾಗಿದ್ದೇನೆ.

ನಿನ್ನ ಪುಟ್ಟಿಯ ಕಣ್ಣಿನ ಬಗ್ಗೆ ಡಾಕ್ಟರು ಹೋದ ಸಲ ಹೇಳಿದ್ದನ್ನೇ ಹೇಳಿದರು. ಈಗಿರುವಷ್ಟು ನೋಟವೂ ಈ ವರ್ಷ ದಾಟುವುದು ಕಷ್ಟವಂತೆ.

ಅಳಿಯಂದಿರು ಕಳಿಸಿದ ಹಳೆಯ ಡಿಜಿಟಲ್ ಕ್ಯಾಮೆರಾ ಆಟಕ್ಕೆಂದು ಕೊಟ್ಟಿದ್ದೆ. ಅವಳು ಅದನ್ನೇ ಶಾಲೆ ಮಾಡಿಕೊಂಡಿದ್ದಾಳೆ. ಕರಿಹಲಗೆಯ ಫೋಟೋ ತೆಗೆದು, ಅದರ ಪರದೆಯಲ್ಲೇ ದೊಡ್ಡದು ಮಾಡಿ, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಾಳೆ. ಮನೆಯ ಮೆಟ್ಟಿಲು, ನಲ್ಲಿ, ಬಾಗಿಲ ಚಿಲಕ ಒಂದನ್ನೂ ಬಿಟ್ಟಿಲ್ಲ. ಫೋಟೋದಲ್ಲಿ ಚೆನ್ನಾಗಿ ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿ ಅದನ್ನೇ ತಡವುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

ಮೊನ್ನೆ ನನ್ನ ಮುಖದ ಸರದಿ. “ತಾತ, ಮೂಗಿನ ಮೇಲೆ ಇಷ್ಟು ದಪ್ಪ ನರಹುಲಿ ಇಟ್ಕೊಂಡು ಒಂದು ಮಾತೂ ಹೇಳಿಲ್ವಲ್ಲ ನೀನು” ಎಂದು ನಕ್ಕಳು. ಕಣ್ಣು ಮುಚ್ಚಿ ಅದರ ಮೇಲೆ ಬೆರಳಿಟ್ಟು, “ಸಿಕ್ತು. ಇನ್ನು ನೀನು ಕಳೆದುಹೋಗಲ್ಲ ಬಿಡು” ಎಂದಳು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ.

ನೀನು ಕಳಿಸಿದ ನಿನ್ನ ಫೋಟೋ ತೋರಿಸಿದೆ. “ಇದ್ರಲ್ಲಿ ಅಮ್ಮನ ಮೂಗು ಕೈಗೆ ಸಿಗಲ್ವಲ್ಲ ತಾತ” ಎಂದಳು.

ರಜೆ ಸಿಗದು, ಅವಳನ್ನು ಈ ಸ್ಥಿತಿಯಲ್ಲಿ ನೋಡಲು ಧೈರ್ಯವೂ ಸಾಲದು ಎಂದು ನೀನು ಬರೆದಿದ್ದೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಂದು ದಿನದ ಮಟ್ಟಿಗೆ ಬಾ ತಾಯಿ. ಅಳುವುದಿದ್ದರೆ ಬಸ್ಸಿನಲ್ಲೇ ಅತ್ತು ಮುಗಿಸಿ ಬಾ. ಅವಳಿಗೆ ನಿನ್ನ ನಗುವ ಮುಖ ಬೇಕು.

ಯಾವಾಗ ಬರುತ್ತೀ ಎಂದು ಬೇಗ ಬರೆ. ಅಕ್ಷರ ದಪ್ಪಗಿರಲಿ. ಅವಳೇ ಓದಬೇಕಂತೆ.

ಇಂತು ನಿನ್ನ
ಅಪ್ಪ