ಸೊನ್ನೆ ತೋರಿಸಿದ ಮೋಟಾರು

ಕಾರವಾರ, ಒಳಗೋಡೆ
ಫೆಬ್ರವರಿ ೩೧, ೨೨೪೬

ಇನ್ನೂರು ವರ್ಷ ಹಿಂದಿನ, ಮೋಟಾರು ಕಲಿಸುವ ಮೇಷ್ಟರೇ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿಲ್ಲ. ನಾವು ತಿಂಗಳುಗಳನ್ನು ಕಡಲಿನ ಉಬ್ಬರಕ್ಕೆ ಹೊಂದಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಚಂದ್ರಭಾಗಾ, ಇಲ್ಲಿನ ಇಂಜಿನಿಯರಿಂಗ್ ಮಕ್ಕಳಿಗೆ ಮೋಟಾರು ನಿಯಂತ್ರಣ ಕಲಿಸುವವಳು. ನಮ್ಮ ಊರು ಕಡಲಿಗಿಂತ ತಗ್ಗಿನಲ್ಲಿದೆ. ಕಡಲು ತಡೆಯುವ ಗೋಡೆಯಿಂದ ಜಿನುಗುವ ನೀರನ್ನು ಎರಡು ದೊಡ್ಡ ಪಂಪುಗಳು ಹೊರಗೆ ಚೆಲ್ಲುತ್ತವೆ. ಅವುಗಳ ಗುಂಯ್ ಸದ್ದು ಕಿವಿಗೆ ಬಿದ್ದ ಮೇಲೆಯೇ ಇಲ್ಲಿ ಜನ ಒಲೆ ಹಚ್ಚುವುದು. ಪಂಪುಗಳನ್ನು ನಡೆಸುತ್ತಿದ್ದುದು ‘ತಾನಾಳು’, ಅಂದರೆ ಮನುಷ್ಯರ ಹಂಗಿಲ್ಲದೆ ಎಲ್ಲವನ್ನೂ ನೋಡಿಕೊಳ್ಳುವ ಯಂತ್ರಬುದ್ಧಿ. ಹಾಗಾಗಿ ನಮ್ಮ ಪಾಠವೆಲ್ಲ ನೆರಳುಕೋಣೆಯಲ್ಲಿ, ಗಾಳಿಯಲ್ಲಿ ಮೂಡುವ ಮೋಟಾರಿನ ಚಿತ್ರದ ಮೇಲೆ. ಅದನ್ನು ಮುಟ್ಟಿದರೆ ಬಿಸಿಯಿಲ್ಲ, ತಪ್ಪಿದರೆ ಸುಡುವುದಿಲ್ಲ, ನಿಲ್ಲಿಸಿದರೆ ತಟ್ಟನೆ ನಿಲ್ಲುತ್ತದೆ. ನನ್ನ ಮಕ್ಕಳೆಲ್ಲ ಪೂರ್ತಿ ಅಂಕ ತೆಗೆದವರು.

ಮೊನ್ನೆ ತಾನಾಳು ಕೆಟ್ಟು ಮೂಕವಾಯಿತು, ಪಂಪುಗಳು ನಿಂತವು. ಮಕ್ಕಳನ್ನು ಕರೆದುಕೊಂಡು ಪಂಪುಮನೆಗೆ ಓಡಿದೆ. ನೆರಳುಕೋಣೆಯ ಅಭ್ಯಾಸದಂತೆ ಮೊದಲ ಪಂಪಿಗೆ ಒಂದೇ ಏಟಿಗೆ ಪೂರ್ತಿ ವೇಗ ಕೊಟ್ಟೆವು. ಮೋಟಾರು ನರಳುತ್ತ ತಿರುಗಿತು, ಆಮೇಲೆ ಎಂಥದೋ ವಾಸನೆ ಬಂತು. ಒಳಗಿನ ತಂತಿಸುರುಳಿ ಸುಡುವ ವಾಸನೆಯೆಂದು ಒಬ್ಬರಿಗೂ ತಿಳಿಯಲಿಲ್ಲ. ನಾಗಶ್ರೀ ಎಂಬ ಹುಡುಗಿ ವೇಗವನ್ನು ಸೊನ್ನೆಗಿಳಿಸಿದಳು. ವೇಗ ತೋರಿಸುವ ತೆರೆಯ ಮೇಲೆ ಸೊನ್ನೆ ಬಂದೊಡನೆ ಮೋಟಾರಿನ ತಿರುಗುದಂಡಕ್ಕೆ ಕೈಯಿಟ್ಟಳು. ತೆರೆ ತೋರಿಸಿದ್ದು ನಾವು ಕೊಟ್ಟ ಆಜ್ಞೆಯನ್ನು; ಮೋಟಾರು ಇನ್ನೂ ತಿರುಗುತ್ತಲೇ ಇತ್ತು. ಅವಳ ಎರಡು ಬೆರಳು ಹೋದವು. “ನಿಂತದೆ ಅಂದೇ ತೋರ್ಸಿತ್ತಲ್ರಾ, ಅಕ್ಕೋರೆ” ಎಂದಳು. ಅಳಲೂ ಇಲ್ಲ.

ಇಂದು ಮಧ್ಯಾಹ್ನ ದೊಡ್ಡ ಉಬ್ಬರ. ಉಳಿದಿರುವುದು ಒಂದೇ ಪಂಪು, ಅದೂ ಸುಟ್ಟರೆ ಊರು ಮುಳುಗುತ್ತದೆ. ಸದ್ದಿಗೆ ಕಿವಿಗೊಟ್ಟು, ಬಿಸಿ ನೋಡುತ್ತ, ಸ್ವಲ್ಪಸ್ವಲ್ಪವೇ ವೇಗ ಏರಿಸಬೇಕೆಂದು ಈಗ ಅರ್ಥವಾಗಿದೆ. ಆದರೆ ಮಿಕ್ಕ ಮಕ್ಕಳು ಇನ್ನೂ ತೆರೆಯನ್ನೇ ನೋಡುತ್ತಾರೆ. ಮೋಟಾರನ್ನು ನೋಡುವವಳು ನಾಗಶ್ರೀ ಒಬ್ಬಳೇ. ಪಂಪು ಶುರುಮಾಡಲು ಅವಳನ್ನೇ ಕರೆದಿದ್ದೇನೆ. ನನಗೆ ಭಯವಾಗುತ್ತಿದೆ ಮೇಷ್ಟರೇ, ನೀರಿಗಿಂತ ಹೆಚ್ಚಾಗಿ ಅವಳು ಮರುಮಾತಿಲ್ಲದೆ ಒಪ್ಪಿಕೊಂಡದ್ದಕ್ಕೆ.

ನಿಮ್ಮ ಕಾಲದಲ್ಲಿ ಕಾರ್ಯಾಗಾರವಿತ್ತಂತೆ. ಮೇಜಿನ ಮೇಲೆ ಪುಟ್ಟ ಮೋಟಾರು, ಸುತ್ತ ವೈರು ಹಿಡಿದ ಮಕ್ಕಳು. ದಯವಿಟ್ಟು ಅದಕ್ಕೆ ಬೀಗ ಹಾಕಬೇಡಿ. ಒಂದೆರಡು ಮೋಟಾರು ಸುಟ್ಟರೆ ಸುಡಲಿ, ಆ ವಾಸನೆ ಅವರಿಗೆ ಗುರುತಾಗಲಿ. ಸ್ವಿಚ್ ಆರಿಸಿದ ಮೇಲೆ ಕೈಕಟ್ಟಿ ನಿಂತು, ಅದು ಪೂರ್ತಿ ನಿಲ್ಲುವವರೆಗೆ ನೋಡಲಿ. ಹೆದರುವುದಾದರೆ ಆ ಪುಟ್ಟ ಮೋಟಾರಿನ ಮುಂದೆಯೇ ಹೆದರಲಿ.

ನಾಗಶ್ರೀ ಬಾಗಿಲಲ್ಲಿ ಬಂದು ನಿಂತಿದ್ದಾಳೆ, ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಹೊರಡುತ್ತೇವೆ. ಊರಿನಲ್ಲಿ ಯಾರೂ ಇನ್ನೂ ಒಲೆ ಹಚ್ಚಿಲ್ಲ.

ಚಂದ್ರಭಾಗಾ