ಒಂದು ದಿನದ ಮುಖ್ಯಸ್ಥೆ, ಒಂದು ತಾಸಿನ ಮೂಕ

ಮಾನ್ಯ ಪರಿವೀಕ್ಷಣಾ ಮಂಡಳಿಯ ಅಧ್ಯಕ್ಷರೇ,

ನೀವು ಮೂಕನೆಂದು ಒಪ್ಪಿಕೊಂಡ ಮನುಷ್ಯನೇ ಈ ಪತ್ರ ಬರೆಯುತ್ತಿದ್ದಾನೆ. ಗಾಬರಿಯಾಗಬೇಡಿ, ಆ ತಪ್ಪನ್ನು ನಾನು ಮನ್ನಿಸಿದ್ದೇನೆ. ನನ್ನ ದೂರು ಬೇರೆ. ಮಾತೇ ಬಾರದ ನನ್ನ ಹೆಂಡತಿಯನ್ನು ಚೆನ್ನಾಗಿ ಮಾತಾಡುತ್ತಾಳೆಂದು ಎಬ್ಬಿಸಿ ಹೊರಗೆ ಕಳಿಸಿದಿರಿ. ಅವಳಿಗೆ ಮಾತು ಕಲಿಸಬಲ್ಲ ಒಬ್ಬರೇ ಒಬ್ಬರನ್ನು ವಿಭಾಗದ ಮುಖ್ಯಸ್ಥೆಯೆಂದು ಒಪ್ಪಿ ಸಹಿ ಹಾಕಿದಿರಿ, ಅವರು ಅದೇ ಸಂಜೆ ರೈಲು ಹತ್ತಿದ್ದನ್ನು ಮಾತ್ರ ನೋಡಲಿಲ್ಲ.

ನಾನು ಕುಷ್ಟಗಿಯವನು, ನಿವೃತ್ತ ಬಸ್ ಕಂಡಕ್ಟರ್. ಯಲಬುರ್ಗಾ, ಬೇವೂರು, ಕೊಪ್ಪಳ ಎಂದು ಜೀವಮಾನವೆಲ್ಲ ಕೂಗಿದ ಗಂಟಲು ನನ್ನದು. ಹೋದ ವರ್ಷ ನನ್ನ ಹೆಂಡತಿ ಕರಿಯವ್ವನಿಗೆ ಲಕ್ವಾ ಹೊಡೆಯಿತು. ಕೈಕಾಲು ಮತ್ತೆ ಸ್ವಾಧೀನಕ್ಕೆ ಬಂದವು, ಮಾತು ಬರಲಿಲ್ಲ. ಉಳಿದದ್ದು ಎರಡೇ ಮಾತು: ‘ಆತು ಬಿಡು’. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ಒಳಗೆ ಎಲ್ಲವೂ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಆಗ ತನ್ನ ಹಣೆಯನ್ನು ತಾನೇ ಬಡಿದುಕೊಳ್ಳುತ್ತಾಳೆ. ಅದನ್ನು ನೋಡುವುದು ನನ್ನಿಂದ ಆಗುವುದಿಲ್ಲ.

ಮಾತಿನ ಚಿಕಿತ್ಸೆ ಕಲಿಸಿ ಪದವಿ ಕೊಡುವ ಕಾಲೇಜೊಂದರಿಂದ ನಮ್ಮೂರಿಗೆ ಗಾಡಿ ಬಂತು. ತಪಾಸಣೆ ಪುಕ್ಕಟೆ, ಊಟವೂ ಪುಕ್ಕಟೆ. ಅದು ಕಾಲೇಜಿನ ಮಾನ್ಯತೆಗಾಗಿ ನೀವು ಬರುವ ಪರಿವೀಕ್ಷಣೆಯ ದಿನವೆಂದು ತಿಳಿದದ್ದು ಅಲ್ಲಿ ಇಳಿದ ಮೇಲೆ. ಗುಮಾಸ್ತ ರವಿಕುಮಾರ ನನ್ನನ್ನು ಮೂಲೆಗೆ ಕರೆದ. “ಅಜ್ಜಾರ, ಪೇಶಂಟ್ ಕಡಿಮಿ ಬಿದ್ದಾರ್ರಿ. ನೀವೂ ಒಂದ್ ತಾಸು ಮೂಕರಾಗಿ ಕುಂದರ್ರಿ. ಕಾಲೇಜ ಮುಚ್ಚಿದ್ರ ಅಜ್ಜಿನ್ನ ಯಾರ್ ನೋಡ್ತಾರ ಹೇಳ್ರಿ?” ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ, ನನಗೆ ಊಟದ ಜೊತೆಗೇ ರೋಗವನ್ನೂ ಬಡಿಸಿದರು. ಹೆಂಡತಿಗಾಗಿ ಕುಳಿತೆ.

ನೀವು ಬಂದಿರಿ. ನನ್ನ ಹೆಸರು ಕೇಳಿದಿರಿ. ನಾನು ಬಾಯಿ ತೆರೆದು ಮುಚ್ಚಿದೆ. ‘ಪಾಪ, ತೀವ್ರ ಪ್ರಕರಣ’ ಎಂದು ಬರೆಸಿದಿರಿ. ಆಮೇಲೆ ಕರಿಯವ್ವನ ಸರದಿ.

“ಊಟ ಆಯಿತೇನಮ್ಮಾ?”

“ಆತು ಬಿಡು.”

“ಬಂದು ಬಹಳ ಹೊತ್ತಾಯಿತೇ?”

“ಆತು ಬಿಡು.”

“ಇವರಿಗೆ ಏನಾಗಿದೆ? ಸುಮ್ಮನೆ ತಂದು ಕೂರಿಸಿದ್ದೀರಾ?” ಎಂದು ನೀವು ಗದರಿ, ಅವಳನ್ನು ಹೊರಗೆ ಕಳಿಸಿದಿರಿ. ಸುಳ್ಳು ರೋಗಿಯನ್ನು ಹಿಡಿದ ತೃಪ್ತಿ ನಿಮ್ಮ ಮುಖದಲ್ಲಿತ್ತು. ಮೂರನೆಯ ಪ್ರಶ್ನೆಯಾಗಿ ಅವಳ ಹೆಸರು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು ಸ್ವಾಮಿ? ಅವಳ ಪರವಾಗಿ ಬಾಯಿ ಬಿಡಬೇಕಿದ್ದ ಒಬ್ಬನೇ ಮನುಷ್ಯ ಆ ಹೊತ್ತಿಗೆ ನಿಮ್ಮ ದಾಖಲೆಯಲ್ಲಿ ಮೂಕನಾಗಿದ್ದ. ನನಗೆ ಅಳು ಬಂತು. ಅದನ್ನೂ ನೀವು ರೋಗದ ಲಕ್ಷಣವೆಂದು ತಿಳಿದಿರಬಹುದು.

ನೀವು ಊಟಕ್ಕೆ ಹೋದಿರಿ. ಮುಖ್ಯಸ್ಥೆ ಹೇಮಾವತಿ ಮೇಡಂ ಊಟಕ್ಕೆ ಹೋಗಲಿಲ್ಲ. ಹೊರಗಿನ ಬೆಂಚಿನ ಬಳಿ ಬಂದು “ಅಜ್ಜೀ, ನಿಮ್ ಹೆಸರೇನ್ರಿ?” ಎಂದು ಕೇಳಿದರು. “ಆತು ಬಿಡು” ಎಂದಳು. ಮೇಡಂ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅವಳ ಎಡಗೈ ಹಿಡಿದು, ಬೀಸುವ ಕಲ್ಲಿನ ಪದದ ಧಾಟಿಯಲ್ಲಿ ಮೆಲ್ಲಗೆ ತಟ್ಟುತ್ತ ‘ಚಾ ಬೇಕು, ಚಾ ಬೇಕು’ ಎಂದು ಹಾಡಿದರು. ಅಲ್ಲಿ ಓದುವ ಹುಡುಗಿಯರು ಸುತ್ತ ನೆರೆದರು. ಹಾಡುತ್ತ ಹಾಡುತ್ತ ಕರಿಯವ್ವನ ತುಟಿ ಅಲುಗಿತು. “ಚಾ… ಬೇಕು.” ಒಂದು ವರ್ಷದ ಮೇಲೆ ನನ್ನ ಹೆಂಡತಿ ಏನನ್ನೋ ಬೇಕೆಂದು ಕೇಳಿದಳು ಸ್ವಾಮಿ! ಮೇಘಾ ಎಂಬ ವಿದ್ಯಾರ್ಥಿನಿ ಕಣ್ಣೊರೆಸಿಕೊಂಡು, “ಮೂರನೇ ವರ್ಷ ಓದಾಕತ್ತೀವ್ರಿ ಅಜ್ಜಾರ. ಪಾಠ ಅಂದ್ರ ಇದು ಅಂತ ಇವತ್ತ ಗೊತ್ತಾತು” ಎಂದಳು.

ಸಂಜೆ ಮೇಡಂ ಚೀಲ ಎತ್ತಿಕೊಂಡಾಗ, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. “ನಾನು ಗಂಗಾವತ್ಯಾಕಿರಿ. ಕಲಸಬೇಕಂತನ ಓದಿದ್ನಿ. ಈಗ ಹೊಸಪೇಟ್ಯಾಗ ಕಿವಿ ಮಷೀನ್ ಮಾರೋ ಅಂಗಡ್ಯಾಗ ಅದೀನಿ. ಇಲ್ಲಿ ನನ್ನ ಸರ್ಟಿಫಿಕೇಟ್ ವರ್ಷಪೂರ್ತಿ ಕೆಲಸ ಮಾಡ್ತೈತಿ, ನಾನು ಒಂದ ದಿನ.”

ಆದರೂ ಮುಂದಿನ ವಾರ ಹೋಗಿ ನೋಡಿದೆವು. ವಿಭಾಗಕ್ಕೆ ಬೀಗ. “ಮುಂದಿನ ಇನ್‌ಸ್ಪೆಕ್ಷನ್‌ಕ ಬರ್ರಿ ಅಜ್ಜಾರ” ಎಂದ ರವಿಕುಮಾರ, ಬಹಳ ಗೌರವದಿಂದ.

ಮುಖ್ಯಸ್ಥರಾಗಲು ಇಂಥ ಪದವಿ, ಇಷ್ಟು ಅನುಭವ ಬೇಕೆಂದು ನಿಮ್ಮ ನಿಯಮ ಹೇಳುತ್ತದಂತೆ. ವಿಭಾಗದಲ್ಲಿ ಇರಬೇಕೆಂದು ಬರೆಯುವುದು ಮರೆತುಹೋಯಿತೇ? ಕಲಿಸುವ ಆಸೆ ಇದ್ದವರು ಅಂಗಡಿಯಲ್ಲಿ, ಕಲಿಯುವ ಮಕ್ಕಳು ಬೀಗದ ಮುಂದೆ. ನಾಳೆ ಈ ಮಕ್ಕಳೂ ಓದು ಮುಗಿಸಿ ಎಲ್ಲೋ ಒಂದು ದಿನದ ಮೇಷ್ಟ್ರಾಗಲೆಂದು ನಿಮ್ಮ ಆಶೀರ್ವಾದವೇ?

ಕಾಲೇಜು ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಹೇಮಾವತಿ ಮೇಡಂ ಅವರಿಗೆ ಕೊಟ್ಟ ಹುದ್ದೆಯನ್ನು ನಿಜವಾಗಿಯೂ ಕೊಡಿಸಿ. ಹೇಳದೆ ಕೇಳದೆ ಒಮ್ಮೆ ಬಂದು ನೋಡಿ. ಅದು ನಿಮ್ಮ ಸಂಪ್ರದಾಯಕ್ಕೆ ವಿರುದ್ಧವಾದರೆ, ದಿನಾಲೂ ಬರುತ್ತೇವೆಂದು ನೋಟಿಸ್ ಕಳಿಸಿ. ಆಗ ಮೇಡಂ ದಿನಾಲೂ ಇರುತ್ತಾರೆ.

ಈಗ ಕರಿಯವ್ವ ಮುಂಜಾನೆ ನನ್ನ ಅಂಗೈ ಹಿಡಿದು ತಟ್ಟುತ್ತಾಳೆ, “ಚಾ ಬೇಕು” ಎನ್ನುತ್ತಾಳೆ. ಚಹಾ ಕುಡಿದ ಮೇಲೆ ಮತ್ತೆ ತಟ್ಟುತ್ತ, ಮುಂದಿನ ಮಾತಿಗಾಗಿ ನನ್ನ ಮುಖ ನೋಡುತ್ತಾಳೆ. ಮುಂದಿನದು ನನಗೆ ಬರುವುದಿಲ್ಲ. ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. “ಆತು ಬಿಡು” ಎಂದಳು. ಆದರೆ ತಟ್ಟುವುದನ್ನು ಬಿಡಲಿಲ್ಲ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ಮಾತು ಬಾರದ,
ಮಾರೆಪ್ಪ
ನಿವೃತ್ತ ಕಂಡಕ್ಟರ್, ಕುಷ್ಟಗಿ